ವೇಷದಂಗಡಿ, ಬ್ರಿಜ್ ಸ್ಟ್ರೀಟ್, ಬ್ಯಾಲರಟ್

ಬ್ಯಾಲರಟ್ಟಿನ ಚಳಿ ಬೆರಳಿಗೆ ಮೊದಲು ಗೊತ್ತಾಗುತ್ತದೆ,
ಸೂಜಿಗೆ ಆಮೇಲೆ.
ಈ ಬಾಡಿಗೆ ವೇಷದಂಗಡಿಯಲ್ಲಿ ನಾನು ಹೊಲಿಗೆಯವಳು.
ಸೋಮವಾರ ಹೀರೋಗಳು ಹರಿದುಕೊಂಡು ಬರುತ್ತಾರೆ,
ಕಂಕುಳಲ್ಲಿ, ತೊಡೆಸಂದಿಯಲ್ಲಿ;
ಒಬ್ಬನಿಗಂತೂ ಬೆನ್ನ ತುಂಬ ಟೊಮೆಟೊ ಸಾಸು.

ಗಲ್ಲಾದ ಕೆಳಗೆ ಹಳೇ ಬಾಡಿಗೆ ಪುಸ್ತಕ. ಮೊದಲ ಕೈಬರಹ
ಥೆಲ್ಮಾ ಟ್ರೆಂಗೋವ್‌ಳದು, ನೆಟ್ಟಗೆ, ಬೇಲಿಗೂಟದ ಹಾಗೆ:
'೧೯೬೩. ಕ್ಯಾಪ್ಟನ್ ಟ್ರೇಡ್‌ವಿಂಡ್, ಚಿಕ್ಕ ಅಳತೆ, ಹನ್ನೊಂದು.
ಎಲ್ಲ ಹೊರಗೆ. ಇನ್ನೂ ಕೇಳುತ್ತಿದ್ದಾರೆ.'
ಗುರುವಾರ ಸಂಜೆ ಆರಕ್ಕೆ ಅವನು ಟೀವಿಯಲ್ಲಿ ಹಾರುತ್ತಿದ್ದ
ಬೂದಿ ಬಣ್ಣದ ಆಕಾಶದಲ್ಲಿ, ಬೂದಿ ಬಣ್ಣದ ಕೇಪು ಕಟ್ಟಿ.
ನಿಜದ ಬಣ್ಣ ಯಾವುದೆಂದು ಊರಲ್ಲಿ ಯಾರಿಗೂ ತಿಳಿಯದು.
ಪಾದ್ರಿಯನ್ನು ಕೇಳಿದಳಂತೆ; ನೀಲಿ, ಅಂದನಂತೆ, ಅನುಮಾನದಿಂದ.
ಥೆಲ್ಮಾ ಗಾಳಿಯನ್ನು ನೆನೆದಳು, ಸಮುದ್ರವನ್ನು ನೆನೆದಳು,
ಆಮೇಲೆ ಅಗ್ಗಕ್ಕೆ ಸಿಕ್ಕ ಥಾನನ್ನು ನೋಡಿದಳು.
ಹಸಿರು ಅಂದಳು. ಹಸಿರಾಯಿತು.
ಹನ್ನೆರಡು ವರ್ಷ ಊರಿನ ಬೇಲಿಗಳಿಂದ
ಹಸಿರು ಹುಡುಗರು ಧುಮುಕಿದರು;
ಮೂವರಿಗೆ ಕೈ ಮುರಿಯಿತು.

ಎಪ್ಪತ್ತೈದರಲ್ಲಿ ಕಲರ್ ಟೀವಿ ಬಂತು.
ಬಣ್ಣ ಬಯಲಾಯಿತು ಅನ್ನುತ್ತೇವಲ್ಲ, ಅದು ಇದೇ.
ಅಮೆರಿಕದವರು ಮೊದಲಿಂದಲೂ ಬಣ್ಣದಲ್ಲೇ ತೆಗೆದಿದ್ದರಂತೆ:
ಕೇಪು ಕೆಂಪು. ನಾಚಿಕೆಯಿಲ್ಲದ ಕೆಂಪು.
ಹಸಿರುಟ್ಟವನೊಬ್ಬ 'ನೀನು ಸುಳ್ಳು' ಅನ್ನಿಸಿಕೊಂಡು
ಶಾಲೆಯಲ್ಲಿ ಪೆಟ್ಟು ತಿಂದ.
ಐದನ್ನು ಬಣ್ಣಕ್ಕೆ ಅದ್ದಿ ನೋಡಿದಳು;
ಹಸಿರಿಗೆ ಕೆಂಪು ಕುಡಿಸಿದರೆ ಕೆಸರು.
ಪುಸ್ತಕದಲ್ಲಿ ಆ ವಾರ ಒಂದೇ ಸಾಲು:
'ಹಸಿರು, ಮೂವತ್ತೆರಡು. ಎಲ್ಲ ಒಳಗೆ.'

ಮುಂದಿನದು ಮಗಳು ಲೋರೇನ್‌ಳ ಬರಹ, ಅವಸರದ್ದು.
ಎಂಬತ್ತೊಂಬತ್ತು: ಟ್ರೇಡ್‌ವಿಂಡ್ ಸಿನಿಮಾ ಆದ. ಕಪ್ಪು ರಬ್ಬರು,
ಎದೆಯ ಮೇಲೆ ಅಚ್ಚು ಹಾಕಿಸಿದ ಸ್ನಾಯು.
ಅವನು ನಗುವುದನ್ನು ಬಿಟ್ಟ. ಹುಡುಗರೂ ಬಿಟ್ಟರು,
ಕನ್ನಡಿ ಮುಂದೆ ನಿಂತು ದವಡೆ ಬಿಗಿಹಿಡಿದರು.
ತೊಂಬತ್ತಾರು: 'ಯಾರೂ ಕೇಳಲಿಲ್ಲ.'
ತೊಂಬತ್ತೇಳು, ಅಡಿಗೆರೆ ಹಾಕಿ: 'ಯಾರೂ.'

ನಾನು ಸೇರಿದ ಮೇಲಿನದೆಲ್ಲ ಕಂಪ್ಯೂಟರಿನಲ್ಲಿದೆ,
ಅದಕ್ಕೆ ಕೈಬರಹವಿಲ್ಲ.
ಈಗ ಅವನ ಹಡಗಿನ ಅಡುಗೆಯವನ ಮಗಳ ಕಾಲ;
ಹಳೇ ಸರಣಿಯಲ್ಲಿ ಹಗ್ಗ ಎಸೆದು ಮರೆಯಾಗುತ್ತಿದ್ದವಳು
ಹೊಸದರಲ್ಲಿ ಎಂಟೂ ಕಂತಿಗೆ ನಾಯಕಿ.
ಅವಳಿಗೆ ಕೇಪಿಲ್ಲ, ಜೇಬುಗಳಿವೆ.
ಟಿಲ್ಲಿ ಎಂಬ ಪುಟ್ಟಿ ಬೆರಳಿಟ್ಟು ಎಣಿಸಿದಳು, ಹದಿನಾಲ್ಕು.
ಒಂದು ಕಡಿಮೆಯಿದೆ, ಅಂದಳು. ಕೂತು ಹೊಲಿದುಕೊಟ್ಟೆ.
ಗದುಗಿನ ನಾಟಕ ಕಂಪನಿಯಲ್ಲೂ
ಅಪ್ಪನಿಗೆ ಭೀಮ, ಅಣ್ಣನಿಗೆ ಕರ್ಣ;
ನನಗೆ, ಪರದೆಯ ಸಂದಿನಿಂದ ಗದೆ ಹೊತ್ತು ತರುತ್ತಿದ್ದ ಹುಡುಗ.

ಮೊನ್ನೆ ಬಾಗಿಲ ಗಂಟೆ. ಎಪ್ಪತ್ತರ ಗಂಡಸು,
ಎಡ ಮೊಣಕೈ ಪೂರ್ತಿ ನೆಟ್ಟಗಾಗದು.
ಮೊಮ್ಮಗನ ಹುಟ್ಟುಹಬ್ಬ, ವೇಷದಲ್ಲೇ ಬರಬೇಕಂತೆ.
ಟ್ರೇಡ್‌ವಿಂಡ್ ಇದ್ದಾನಾ, ಅಂದ.
ಕೆಂಪು ತೆಗೆದೆ. ತಲೆಯಲ್ಲಾಡಿಸಿದ.
ಕಪ್ಪು ತೆಗೆದೆ. ನೋಡಲೂ ಇಲ್ಲ.
'ಅವಲ್ಲ. ನಿಜವಾದ್ದು.'

ಅಟ್ಟದ ಮೇಲೆ, ನುಸಿಗುಳಿಗೆ ವಾಸನೆಯ ಪೆಟ್ಟಿಗೆಯಲ್ಲಿ
ಮೂವತ್ತೆರಡರಲ್ಲಿ ಉಳಿದದ್ದು ಒಂದು, ಚಿಕ್ಕ ಅಳತೆ.
ಹೆಗಲಿಗೆ ಹಿಡಿದೆ. ಸೊಂಟಕ್ಕೂ ಬರಲಿಲ್ಲ.
ಲಾಡಿ ಉದ್ದ ಮಾಡಿಕೊಡಲೇ, ಅಂದೆ.
ಬೇಡ, ಅಂದ, ಗಲ್ಲದ ಕೆಳಗೆ ತಾನೇ ಗಂಟು ಹಾಕಿಕೊಳ್ಳುತ್ತ,
ಒಂದೇ ಕೈಯಲ್ಲಿ, ನೋಡದೆ.

ಬಾಡಿಗೆ ಎಷ್ಟೆಂದು ಕಂಪ್ಯೂಟರಿಗೆ ಗೊತ್ತಿರಲಿಲ್ಲ.
ಹಳೇ ಪುಸ್ತಕ ತೆಗೆದೆ. ಥೆಲ್ಮಾಳ ಕೊನೆಯ ಸಾಲಿನ ಕೆಳಗೆ,
ಚಳಿಗೆ ಸೊಟ್ಟಗಾಗುವ ನನ್ನ ಅಕ್ಷರದಲ್ಲಿ ಬರೆದೆ:
'ಹಸಿರು, ಒಂದು. ಹೊರಗೆ.'